ದಡಿ

ಬೆಟಗೇರಿಯ ನಮ್ಮ ದೇವಾಲಯದ ಬಾಗಿಲಿಗೆ
ಬೋರ್ಡು ಬರೆಸಿದವಳು ನಾನೇ:
ದಯವಿಟ್ಟು ಮೊಬೈಲ್ ಬಂದ್ ಮಾಡಿರಿ.
‘ದಯವಿಟ್ಟು ಬ್ಯಾಡ್ರೀ, ಅಕ್ಷರಕ್ಕ ಇಷ್ಟಂತ ರೊಕ್ಕ’
ಅಂದ ಪೇಂಟರ್ ಮೌಲಾಸಾಬ.
ಇರಲಿ ಅಂದೆ. ಮರ್ಯಾದೆಯಲ್ಲಿ ಉಳಿತಾಯ ಬೇಡ.

ಆರಾಧನೆಯ ನಡುವೆ ಯಾರ ಕಿಸೆ ಹಾಡಿದರೂ
ಕತ್ತು ಹೊರಳಿಸದೆ ಹೆಸರು ಹೇಳಬಲ್ಲೆ.
ಶಹನಾಯಿ ಆದರೆ ನರ್ಸ್ ಕರುಣಾವತಿ,
ಕೋಳಿ ಕೂಗಿದರೆ ರೈಲ್ವೆಯ ದಾನಿಯೇಲಪ್ಪ.
ಆ ಕೋಳಿ ಮೂರು ಸಲ ಕೂಗಿದ ದಿನ
ಅಯ್ಯನವರೂ ಪ್ರಸಂಗ ನಿಲ್ಲಿಸಿ ನಕ್ಕುಬಿಟ್ಟರು.
ನಾನು ನಗಲಿಲ್ಲ.

ನನ್ನದು ಎಂದೂ ಕೂಗಿದ್ದಿಲ್ಲ.
ನಡುಗುತ್ತದೆ ಅಷ್ಟೆ, ತೊಡೆಯ ಮೇಲಿನ ಚೀಲದಲ್ಲಿ,
ಸಭ್ಯವಾಗಿ.

ಗುರುವಾರ ಯೋಬಪ್ಪಜ್ಜನನ್ನು ನೋಡಿ ಬರುವುದು ರೂಢಿ.
ಎಂಬತ್ತೇಳು. ಎಡಗೈ ಎದ್ದಿಲ್ಲ ಎರಡು ವರ್ಷ.
ಮಾತು ಎಳೆಎಳೆಯಾಗಿ ಬರುತ್ತದೆ;
ಕಡಿದಲ್ಲಿ ಉಗುಳು ಹಚ್ಚಿ, ಹೊಸೆದು,
ಗಂಟು ಹಾಕಿ ಮತ್ತೆ ಎಳೆಯಬೇಕು.
ಪಕ್ಕದ ಮನೆಯ ಪವರ್‌ಲೂಮು ಕರೆಂಟು ಹೋಗಿ ನಿಂತಾಗ
ಆ ಸಂದಿನಲ್ಲಿ ನಾಲ್ಕು ಮಾತು ದಾಟಿಸುತ್ತಾನೆ.

ಆ ದಿನ ಹೇಳುತ್ತಿದ್ದ:
‘ನಿಮ್ಮವ್ವ... ಆಸ್ಪತ್ರಿಗೆ ಹೋಗೂ ಹಿಂದಿನ ರಾತ್ರಿ...
ಇಲ್ಲೇ, ಈ ಮಗ್ಗದ ಕುಣಿ ದಂಡಿಗೆ ಕುಂತು...
ನನಗೊಂದು ಮಾತು...’

ತೊಡೆಯ ಮೇಲೆ ನಡುಗಿತು.
ನೋಡಿದೆ. ಎಷ್ಟು ನೋಡಿದೆ? ಒಂದು ರೆಪ್ಪೆ.
ಲಿಲ್ಲಿ ಹೂವಿನ ಚಿತ್ರ, ಅದರ ಮೇಲೊಂದು ವಾಕ್ಯ,
ಹನ್ನೊಂದು ಮಂದಿಗೆ ಕಳಿಸಿದರೆ ಆಶೀರ್ವಾದ.

ತಲೆ ಎತ್ತಿದಾಗ ಅಜ್ಜ ಸುಮ್ಮನಿದ್ದ.
ಸಿಟ್ಟಲ್ಲ. ದೊಡ್ಡವರು ಬಂದರೆಂದು
ಬಾಗಿಲ ಬದಿಗೆ ಸರಿದು ನಿಂತವನ ಹಾಗೆ.
‘ಮುಗಿಸ್ಕೋ ತಂಗಿ. ಅವರು ದೂರಿಂದ ಬಂದಾರ.
ನಾ ಎಲ್ಲಿ ಹೋಗ್ತೀನಿ?’

ಇಲ್ಲಜ್ಜ, ಹೇಳು. ಅವ್ವ ಏನಂದ್ಲು?
‘ಅವ್ವ?...’
ಗೋಡೆ ನೋಡಿದ. ಕೈ ನೋಡಿದ.
‘ಎಳಿ ಹೋತು. ಹೋಗ್ಲಿ ಬಿಡು, ಚಾ ಆರತೈತಿ.’

ಟಾಂಗಾಕೂಟದವರೆಗೆ ನಡೆದೇ ಬಂದೆ.
ನೆನಪಾದಳು ಆಕೆ,
ಹನ್ನೆರಡು ವರ್ಷ ನೆತ್ತರು ಹರಿದು ಹರಿದು
ಗದ್ದಲದಲ್ಲಿ ನುಸುಳಿ ದಡಿ ಮುಟ್ಟಿದವಳು.
ಆತನಿಗೂ ಕರೆ ಬಂದಿತ್ತು: ದೊಡ್ಡ ಮನೆತನ,
ಸಾಯುವ ಮಗಳು, ಕಾಲಿಗೆ ಬಿದ್ದ ಅಪ್ಪ,
ಜೊತೆಗಿದ್ದವರಿಗೋ ಮೈಯೆಲ್ಲ ಅವಸರ.
ಆದರೂ ನಿಂತ.
ತಿರುಗಿ, ಯಾರು ಅಂತ ಹುಡುಕಿ,
ಆಕೆ ಮೊದಲಿನಿಂದ, ವೈದ್ಯರಿಗೆ ಸುರಿದ ರೊಕ್ಕದ ಲೆಕ್ಕದ ಸಮೇತ,
ಎಲ್ಲ ಹೇಳಿ ಮುಗಿಸುವ ತನಕ.

ಇಪ್ಪತ್ತು ವರ್ಷ ಸಂಡೇಸ್ಕೂಲಿನಲ್ಲಿ ಈ ಕಥೆ ಹೇಳಿದ್ದೇನೆ.
ವಾಸಿ ಮಾಡಿದ್ದನ್ನು ಹೇಳಿದ್ದೇನೆ.
ನಿಂತದ್ದನ್ನು ಹೇಳಿಲ್ಲ.
ಹುಟ್ಟಿದ್ದೋ, ದಡಿ ನೇಯುವವರ ಓಣಿಯಲ್ಲಿ.

ಈಗ ಗುರುವಾರ ಹೊಸ್ತಿಲಲ್ಲೇ ಫೋನನ್ನು
ಅಜ್ಜನ ಸೊಸೆ ಸುಗಂಧಿಯ ಕೈಗೆ ಕೊಡುತ್ತೇನೆ.
ಆಕೆ ಜೋಳದ ಹಿಟ್ಟಿನ ಡಬ್ಬಿಯ ಮೇಲಿಡುತ್ತಾಳೆ.
‘ಅಕ್ಕಾ, ಡಬ್ಬಿ ನಡಗಾಕ್ಹತ್ತೈತಿ!’
ನಡುಗಲಿ.

ಈ ವಾರ ಅಜ್ಜ ಕೆಂಪು ಬಣ್ಣದ ಬಗ್ಗೆ ಹೇಳಿದ:
ನೂಲು ಅದ್ದುವಾಗ ನೀರು ಎಷ್ಟು ಕಾದಿರಬೇಕು,
ಯಾವ ಬೆರಳಿಂದ ನೋಡಬೇಕು.
ಅವ್ವನ ಮಾತು ಬರಲಿಲ್ಲ. ಬರುತ್ತದೋ ಇಲ್ಲವೋ.

ಮುಂದಿನ ಎಳೆಗೆ ಆತ ತಡಕಾಡುವಾಗ
ಮುಖವನ್ನೇ ನೋಡುತ್ತ ಕೂತಿದ್ದೆ.
ಬಲ ಹುಬ್ಬಿನೊಳಗೆ ಒಂದು ಮಚ್ಚೆ ಇದೆ,
ಎಳ್ಳಿನಷ್ಟು.
ಇಷ್ಟು ವರ್ಷ ಕಂಡಿರಲಿಲ್ಲ.